ಬೆಳಗಾಗುವಷ್ಟರಲ್ಲಿ ಕುಗ್ಗಿದ ಎಣ್ಣೆ

ದ್ರವಗಳು ಒತ್ತಡಕ್ಕೆ ಕುಗ್ಗುವುದು ಬಹಳ ಕಡಿಮೆ, ಕಾವಿಗೆ ಹಿಗ್ಗುವುದು ಸ್ವಲ್ಪ ಜಾಸ್ತಿ. ಈ ಎರಡು ವಾಕ್ಯಗಳನ್ನು ಮಧುಗಿರಿಯ ಶಾಲೆಯಲ್ಲಿ ವರ್ಷ ವರ್ಷವೂ ಹೇಳಿ ಸಂಬಳ ತೆಗೆದುಕೊಂಡವನು ನಾನು. ಇಷ್ಟು ಸಾಧುವಾದ ಎರಡು ವಾಕ್ಯಗಳಿಂದ ಒಬ್ಬ ಮನುಷ್ಯನಿಗೆ ಮೇಲಿಂದ ಮೇಲೆ ಫಜೀತಿ ಹೇಗಾಗುತ್ತದೆ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಅವಳಿಗೆ ಉತ್ತರ ಹೇಳಲು ಹೋದರೆ ಅದೂ ಒಂದು ಫಜೀತಿಯಾಗುತ್ತದೆ. ಆದ್ದರಿಂದ ಆ ಒಂದು ಬೇಸಿಗೆಯ ಕಥೆಯನ್ನು ನಿಮಗೇ ಹೇಳುತ್ತೇನೆ. ಆಗ ಯುದ್ಧದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಬಸ್ಸುಗಳು ಇದ್ದಿಲಿನ ಹೊಗೆ ಕುಡಿದು ಓಡುತ್ತಿದ್ದವು, ಎಣ್ಣೆ ಎಂದರೆ ಜನ ತಿರುಗಿ ನೋಡುತ್ತಿದ್ದರು.

ಸೀಸೆಯ ಬುಡ

ಮೊದಲು ನಮ್ಮ ಶಾಲೆಗೆ ಇನ್‌ಸ್ಪೆಕ್ಟರು ಬಂದರು. ಒಳ್ಳೆಯ ಮೈಕಟ್ಟಿನ ಮನುಷ್ಯ. ಕುರ್ಚಿಯಲ್ಲಿ ಕೂತರೆ ಕುರ್ಚಿ ಕಾಣಿಸುತ್ತಿರಲಿಲ್ಲ. ಅವರ ಎದುರಿಗೆ ಪಾಠ ಮಾಡಬೇಕಾಗಿ ಬಂತು. ನಾನು ಒಂದು ಸೀಸೆಗೆ ಅಂಚಿನವರೆಗೆ ನೀರು ತುಂಬಿ, ಬಾಯಿಗೆ ಬಿರಟೆ ಇಟ್ಟು, ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ ತೋರಿಸಿದೆ. ಬಿರಟೆ ಒಳಗೆ ಹೋಗಲಿಲ್ಲ. ನೋಡಿ ಮಕ್ಕಳೇ, ನೀರು ಜಾಗ ಬಿಡುವುದಿಲ್ಲ, ಗಾಳಿಯಾಗಿದ್ದರೆ ಬಿಡುತ್ತಿತ್ತು ಎಂದು ಹೇಳಿದೆ. ಪಾಠ ಅಲ್ಲಿಗೆ ಮುಗಿಯಬೇಕಿತ್ತು.

ಇನ್‌ಸ್ಪೆಕ್ಟರಿಗೆ ಸಮಾಧಾನವಾಗಲಿಲ್ಲ. ನಿಮ್ಮ ಬೆರಳಿನಲ್ಲಿ ಶಕ್ತಿ ಇಲ್ಲ, ಇತ್ತ ಕೊಡಿ ಎಂದು ಸೀಸೆಯನ್ನು ಕಿತ್ತುಕೊಂಡರು. ಪಕ್ಕದಲ್ಲಿ ನಮ್ಮ ಹೆಡ್‌ಮಾಸ್ಟರು ಹೊಸ ಜರಿಪಂಚೆ ಉಟ್ಟು ಕೂತಿದ್ದರು. ಅವರ ತೊಡೆಯ ನೇರಕ್ಕೆ ಸೀಸೆ ಹಿಡಿದು ಇನ್‌ಸ್ಪೆಕ್ಟರು ಬಿರಟೆಯ ಮೇಲೆ ಅಂಗೈಯಿಂದ ಒಂದು ಏಟು ಹಾಕಿದರು. ನೀರು ನಾನು ಹೇಳಿದ ಹಾಗೆಯೇ ನಡೆದುಕೊಂಡಿತು. ಮೇಲಿನ ಪೆಟ್ಟನ್ನು ಇದ್ದದ್ದು ಇದ್ದಂತೆ ಕೆಳಕ್ಕೆ ಮುಟ್ಟಿಸಿತು. ಸೀಸೆಯ ಬುಡ ತಟ್ಟೆಯ ಹಾಗೆ ಕಳಚಿ ಬಿತ್ತು, ನೀರೆಲ್ಲ ಹೆಡ್‌ಮಾಸ್ಟರ ಮಡಿಲು ಸೇರಿತು.

ಮಕ್ಕಳು ಚಪ್ಪಾಳೆ ತಟ್ಟಿದರು. ಇನ್‌ಸ್ಪೆಕ್ಟರು ಕೈಯಲ್ಲುಳಿದ ಸೀಸೆಯ ಕುತ್ತಿಗೆಯನ್ನು ನೋಡುತ್ತ, ಇದು ಪಠ್ಯದಲ್ಲಿದೆಯೇ ಎಂದು ಕೇಳಿದರು. ಇದೆ ಸಾರ್, ಮುಂದಿನ ಪುಟದಲ್ಲಿ ಎಂದೆ. ಸಂಜೆ ಹೆಡ್‌ಮಾಸ್ಟರು ನನ್ನನ್ನು ಕರೆದು, ಬೈಯುತ್ತಾರೆ ಎಂದು ನಾನು ತಲೆ ತಗ್ಗಿಸಿ ನಿಂತಿದ್ದರೆ, ಬಹಳ ಸೌಮ್ಯವಾಗಿ ಹೇಳಿದರು: "ನೀರು ಕುಗ್ಗೋದಿಲ್ಲ ಅನ್ನೋದು ನನಗೆ ಮನವರಿಕೆಯಾಯಿತು. ಆದರೆ ನಾನು ಕುಗ್ಗಿಹೋದೆನಲ್ರೀ."

ಎಣ್ಣೆ ಎಲ್ಲಿ ಹೋಯಿತು

ಮೇಷ್ಟ್ರು ಸೀಸೆಯ ತಲೆ ಮುಟ್ಟಿದರೆ ಬುಡ ಕಳಚುತ್ತದೆ ಎಂಬ ಸುದ್ದಿ ಊರೆಲ್ಲ ಹರಡಿತು. ಕೆಲವರು ಅದನ್ನು ಮಂತ್ರ ಎಂದೂ ತಿಳಿದರು. ಒಬ್ಬರು ಮಗುವಿಗೆ ತಾಯಿತ ಕಟ್ಟಿಸಿಕೊಳ್ಳಲು ಬಂದರು. ಅವರನ್ನು ಕಳಿಸಿ ಬಾಗಿಲು ಹಾಕುವಷ್ಟರಲ್ಲಿ ಗಾಣದ ಶೆಟ್ಟರು ಬಂದರು.

ಬೆಟ್ಟದ ಬುಡದಲ್ಲಿ ಅವರ ಗಾಣ. ಕೋಟೆ ಬಾಗಿಲ ಹತ್ತಿರದ ಚಿಕ್ಕ ದೇವಸ್ಥಾನದ ದೀಪಕ್ಕೆ ಅವರ ತಾತನ ಕಾಲದಿಂದಲೂ ಅವರ ಮನೆಯ ಎಳ್ಳೆಣ್ಣೆಯೇ. ಹಳೆಯ ಪಾರುಪತ್ತೇಗಾರರು, ಅಂದರೆ ದೇವಸ್ಥಾನದ ವ್ಯವಹಾರ ನೋಡುವವರು, ಎಣ್ಣೆ ಬಂದ ಸಂಜೆಯೇ ಅಳೆದು ತೆಗೆದುಕೊಳ್ಳುತ್ತಿದ್ದರು. ಅವರು ಹೋಗಿ ಕೊರಟಗೆರೆಯಿಂದ ಹೊಸಬರು ಬಂದರು. ಇವರು ಭಾರಿ ಮಡಿಯವರು. ದೇವರ ಎಣ್ಣೆಯನ್ನು ಸೂರ್ಯ ಹುಟ್ಟುವ ಮೊದಲು, ತಣ್ಣೀರಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲಿ, ದೇವಸ್ಥಾನದ ಹಿತ್ತಾಳೆ ಸೇರಿನಲ್ಲಿ ತಾವೇ ಅಳೆಯಬೇಕು ಎಂದು ಕಟ್ಟಳೆ ಮಾಡಿದರು. ಅಂದಿನಿಂದ ಶೆಟ್ಟರ ಹದಿನಾರು ಸೇರು ಎಣ್ಣೆಯಲ್ಲಿ ಪ್ರತಿ ಸಲವೂ ಒಂದು ಪಾವು ಕಡಿಮೆ ಬೀಳತೊಡಗಿತು. ಸೇರಿನ ಕಾಲು ಭಾಗ ಪಾವು. ಕಣ್ಣಿಗೆ ಬೀಳದೆ ಹೋಗುವಂಥದ್ದಲ್ಲ. ಒಂದು ದಿನ ಪಾರುಪತ್ತೇಗಾರರು ನಾಲ್ಕು ಜನರ ಎದುರಿಗೆ, ದೇವರ ದೀಪದ ಎಣ್ಣೇನೂ ಬಿಡೋದಿಲ್ಲವೇನ್ರೀ ಶೆಟ್ಟರೇ ಎಂದುಬಿಟ್ಟರು.

ಆಮೇಲೆ ಶೆಟ್ಟರು ದೇವಸ್ಥಾನದೊಳಕ್ಕೆ ಕಾಲಿಟ್ಟಿರಲಿಲ್ಲ. ಎಣ್ಣೆಯನ್ನು ಬಾಗಿಲಲ್ಲಿ ಇಳಿಸಿ, ಬೀದಿಯಿಂದಲೇ ಕೈಮುಗಿದು ಹೋಗುತ್ತಿದ್ದರು. ಸಂತೆಯಲ್ಲಿ ಅವರನ್ನು ಕಂಡವರು ಮಾತು ನಿಲ್ಲಿಸುತ್ತಿದ್ದರು. ಅಮಲ್ದಾರರು ಕರೆಸಿ, ಯುಗಾದಿಯೊಳಗೆ ಇದಕ್ಕೊಂದು ಸಮಜಾಯಿಷಿ ಕೊಡಿ, ಇಲ್ಲದಿದ್ದರೆ ದೇವರ ಎಣ್ಣೆಯ ಸೇವೆ ಬೇರೆಯವರಿಗೆ ಹೋಗುತ್ತದೆ ಎಂದಿದ್ದರು. ಸೇವೆ ಹೋದರೆ ಕಳ್ಳ ಎಂಬ ಹೆಸರು ಗೋಡೆಗೆ ಬಳಿದ ಸುಣ್ಣದ ಹಾಗೆ ಉಳಿದುಬಿಡುತ್ತದೆ ಎಂಬುದು ಶೆಟ್ಟರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ತುಂಬಿದ ಸೇರ್ನಾಗೆ ಅಳ್ದು ಸುರೀತೀನಿ ಮೇಷ್ಟ್ರೇ. ಬೆಳಗಾಗದ್ರಾಗೆ ಒಂದು ಪಾವು ಇರಾಕಿಲ್ಲ. ತಪ್ಪು ನಂದಾ, ಎಣ್ಣೇದಾ, ಅಷ್ಟು ಹೇಳ್ಬುಡಿ. ನಂದೇ ಅಂದ್ರೆ ಒಪ್ಕಂಡ್ಬುಡ್ತೀನಿ" ಎಂದರು.

ತನ್ನ ಮೇಲೆ ತನಗೇ ಅನುಮಾನ ಬಂದ ಮನುಷ್ಯನನ್ನು ನಾನು ಅದೇ ಮೊದಲು ನೋಡಿದ್ದು. ಎಣ್ಣೆಯನ್ನು ಹೇಗೆ ಮಾಡುತ್ತೀರಿ ಎಂದು ಕೇಳಿದೆ. ಗಾಣದಿಂದ ಇಳಿದ ಎಣ್ಣೆಯನ್ನು ಬೆಟ್ಟದ ಬುಡದ ಬಂಡೆಯ ಮೇಲೆ ಬಿಸಿಲಿಗಿಟ್ಟು, ಮಡ್ಡಿ ತಳಕ್ಕಿಳಿದ ಮೇಲೆ ಮಧ್ಯಾಹ್ನ ಅಳೆದು ತರುತ್ತೇವೆ ಎಂದರು. ಮಧುಗಿರಿಯ ಬಂಡೆ ಬೇಸಿಗೆಯಲ್ಲಿ ಹೇಗಿರುತ್ತದೆ ಎಂದು ಅದರ ಮೇಲೆ ಬರಿಗಾಲಲ್ಲಿ ನಿಂತವರಿಗೆ ಹೇಳಬೇಕಾಗಿಲ್ಲ. ನನಗೆ ತಕ್ಷಣ ಹೊಳೆಯಿತು. ಕಾದ ಎಣ್ಣೆ ಹಿಗ್ಗಿಕೊಂಡಿರುವಾಗ ಶೆಟ್ಟರು ಅಳೆಯುತ್ತಾರೆ. ತಣಿದು ಕುಗ್ಗಿದ ಮೇಲೆ ಪಾರುಪತ್ತೇಗಾರರು ಅಳೆಯುತ್ತಾರೆ. ತೂಕದಲ್ಲಿ ಗುಂಜಿಯಷ್ಟೂ ಹೋಗಿಲ್ಲ, ಅಳತೆಯಲ್ಲಿ ಹೋಗಿದೆ. ತಪ್ಪು ನಿಮ್ಮದಲ್ಲ, ಇದನ್ನು ರುಜುವಾತು ಮಾಡಿ ತೋರಿಸುತ್ತೇನೆ ಎಂದು ಶೆಟ್ಟರಿಗೆ ಮಾತು ಕೊಟ್ಟೆ.

ಅಂದೇ ಸಂಜೆ ಮನೆಯಲ್ಲಿ ಪ್ರಯೋಗ ಶುರುಮಾಡಿದೆ. ಒಂದು ಬಾಣಲೆಗೆ ಅಳೆದು ಎಣ್ಣೆ ಹಾಕಿ ಒಲೆಯ ಮೇಲಿಟ್ಟೆ. ಕಾದ ಮೇಲೆ ಇಳಿಸಿ, ತಣಿದ ಮೇಲೆ ಮತ್ತೆ ಅಳೆಯುವುದು ಎಂದು ಯೋಚನೆ. ಅಷ್ಟರಲ್ಲಿ ಬೀದಿಯಲ್ಲಿ ಯಾರೋ ಕರೆದರೆಂದು ಹೊರಗೆ ಹೋಗಿ, ಅಲ್ಲಿಯೂ ಇದೇ ವಿಷಯ ವಿವರಿಸುತ್ತ ನಿಂತೆ. ತಿರುಗಿ ಬಂದಾಗ ಬಾಣಲೆ ಕೆಳಗಿಳಿದಿತ್ತು. ಅಳೆದು ನೋಡಿದರೆ ಎಣ್ಣೆ ನಾನು ಕನಸಿನಲ್ಲೂ ಎಣಿಸದಷ್ಟು ಕಡಿಮೆಯಾಗಿತ್ತು. ಕಾವಿಗೆ ಇಷ್ಟೊಂದು ಶಕ್ತಿ ಇದೆಯೇ ಎಂದು ಬೆರಗಾಗಿ ಹೆಂಡತಿಯನ್ನು ಕೂಗಿದೆ.

ಅವಳು ಅಡುಗೆಮನೆಯಿಂದ ತಟ್ಟೆ ತುಂಬ ಹೀರೇಕಾಯಿ ಬಜ್ಜಿ ಹಿಡಿದುಕೊಂಡು ಬಂದಳು. ಅಪರೂಪಕ್ಕೆ ಒಲೆ ಹಚ್ಚಿ ಎಣ್ಣೆ ಕಾಯಿಸಿಟ್ಟಿದ್ದೀರಿ, ಬಾಯಿಬಿಟ್ಟು ಕೇಳೋದಕ್ಕೆ ಸಂಕೋಚ ಪಟ್ಟುಕೊಂಡಿರಬೇಕು ಅಂದುಕೊಂಡೆ ಎಂದಳು. ಎಣ್ಣೆ ಕಡಿಮೆಯಾಗುತ್ತದೆ ಎಂಬುದಕ್ಕೆ ಸಿಕ್ಕ ಮೊದಲ ರುಜುವಾತನ್ನು ನಾನು ಚಟ್ನಿ ಹಚ್ಚಿಕೊಂಡು ತಿಂದೆ.

ಸಿರಾದಿಂದ ಬಂದ ಬಸ್ಸು

ಬಾಣಲೆಯಿಂದ ಆಗುವ ಕೆಲಸ ಇದಲ್ಲ, ಕಾವನ್ನು ಅಳೆಯಲು ಥರ್ಮಾಮೀಟರು ಬೇಕು ಎಂದು ಗೊತ್ತಾಯಿತು. ಶಾಲೆಯದು ಒಡೆದು ಎಷ್ಟೋ ಕಾಲವಾಗಿತ್ತು. ಊರಿನ ಡಾಕ್ಟರನ್ನು ಕೇಳಿದರೆ, ಎಣ್ಣೆಗೆ ಜ್ವರ ಬಂದಿದ್ದರೆ ಇಲ್ಲಿಗೇ ಕರೆದುಕೊಂಡು ಬನ್ನಿ, ನಾನೇ ನೋಡುತ್ತೇನೆ ಎಂದರು. ಕೊನೆಗೆ ಸಿರಾದಲ್ಲಿ ಗೋಲಿ ಸೋಡಾ ಮಾಡುವ ಸಾಹೇಬರೊಬ್ಬರ ಹತ್ತಿರ ಉದ್ದನೆಯ ಗಾಜಿನ ಥರ್ಮಾಮೀಟರು ಇದೆ ಎಂದು ತಿಳಿದು, ಬಸ್ಸು ಹತ್ತಿ ಸಿರಾಕ್ಕೆ ಹೋದೆ.

ಸಾಹೇಬರು ದೊಡ್ಡ ಮನಸ್ಸಿನವರು. ಶೆಟ್ಟರ ಕಥೆ ಕೇಳಿ, ಪಾಪ, ಶರೀಫ್ ಮನುಷ್ಯನಿಗೆ ಹೀಗಾಗಬಾರದು ಎಂದು ಥರ್ಮಾಮೀಟರನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟರು. ಅದರ ಜೊತೆಗೆ, ಅಮಲ್ದಾರರಿಗೆ ಕಾವಿನ ಮಹಿಮೆ ತೋರಿಸಲು ಅನುಕೂಲವಾಗುತ್ತದೆ ಎಂದು ಮರದ ಪೆಟ್ಟಿಗೆಯಲ್ಲಿ ಒಂದಷ್ಟು ಸೋಡಾ ಸೀಸೆಗಳನ್ನೂ ಜೋಡಿಸಿ, ಮೇಲೆ ಒದ್ದೆ ಗೋಣಿ ಹೊದಿಸಿದರು.

"ಮಾಸ್ಟರ್ ಸಾಬ್, ಸೋಡಾಕ್ಕೆ ಗುಸ್ಸಾ ಜಾಸ್ತಿ. ತಂಪಾಗಿ ಇಟ್ಟರೆ ದೋಸ್ತ್, ಬಿಸಿ ಆಯ್ತೋ ದುಷ್ಮನ್. ಗೋಣಿ ಒಣಗೋಕೆ ಬಿಡಬ್ಯಾಡಿ" ಎಂದು ಬಸ್ಸಿನವರೆಗೆ ಬಂದು ಹೇಳಿ ಹೋದರು.

ಬಸ್ಸಿನೊಳಗೆ ಕಡಲೆಕಾಯಿ ಮೂಟೆ, ಕುರಿಮರಿ, ಮದುವೆಗೆ ಹೊರಟವರು. ಪೆಟ್ಟಿಗೆಗೆ ಜಾಗವಿರಲಿಲ್ಲ. ಕಂಡಕ್ಟರು ಅದನ್ನು ತೆಗೆದುಕೊಂಡು ಹೋಗಿ, ಹಿಂದುಗಡೆ ಭದ್ರವಾಗಿ ಕಟ್ಟಿದ್ದೇನೆ ಸ್ವಾಮಿ, ನೀವು ನಿಶ್ಚಿಂತೆಯಿಂದ ಕೂತುಕೊಳ್ಳಿ ಎಂದ. ನಾನು ಥರ್ಮಾಮೀಟರನ್ನು ಕಂಕುಳಲ್ಲಿ ಇಟ್ಟುಕೊಂಡು ನಿಶ್ಚಿಂತೆಯಿಂದ ಕೂತೆ. ಬಸ್ಸಿನ ಹಿಂದುಗಡೆ ಏನಿರುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ಇದ್ದಿಲು ಉರಿಯುವ ಒಲೆ ಇರುವುದೇ ಅಲ್ಲಿ. ಪೆಟ್ಟಿಗೆಯನ್ನು ಅದಕ್ಕೇ ಆನಿಸಿ ಕಟ್ಟಿದ್ದ.

ಸ್ವಲ್ಪ ದೂರ ಬಂದಿದ್ದೆವು. ಢಂ ಎಂದಿತು. ಡ್ರೈವರು ಬ್ರೇಕು ಹಾಕಿದ. ಇನ್ನೊಂದು ಢಂ. ಒಲೆ ಸಿಡಿಯಿತು ಎಂದು ಯಾರೋ ಕೂಗಿದರು. ಯುದ್ಧ ಇಲ್ಲಿಗೂ ಬಂತು ಎಂದು ಮದುವೆಗೆ ಹೊರಟವರಲ್ಲೊಬ್ಬರು ಅಂದರು. ಆಮೇಲೆ ಬಾಗಿಲು, ಕಿಟಕಿ ಎಂಬ ಭೇದ ಉಳಿಯಲಿಲ್ಲ. ಎಲ್ಲರೂ ಇಳಿದು ಹೊಲದಲ್ಲಿ ಬೋರಲು ಬಿದ್ದೆವು. ಪಕ್ಕದಲ್ಲಿ ಮಲಗಿದ್ದ ಕಂಡಕ್ಟರು ನನ್ನ ಕಡೆ ತಿರುಗಿ, ಸ್ವಾಮಿ ನಿಮ್ಮ ಪೆಟ್ಟಿಗೆಯಲ್ಲಿ ಏನಿತ್ತು ಎಂದು ಕೇಳಿದ. ಸೋಡಾ ಎಂದೆ. ಅವನು ನನ್ನಿಂದ ಇನ್ನಷ್ಟು ದೂರಕ್ಕೆ ತೆವಳಿಕೊಂಡು ಹೋದ. ಕೊನೆಯ ಸೀಸೆ ಸಿಡಿಯುವವರೆಗೆ ನಾವು ಮಲಗಿಯೇ ಇದ್ದೆವು.

ಎದ್ದು ಮಣ್ಣು ಕೊಡವಿಕೊಂಡು ಹೋಗಿ ನೋಡಿದರೆ ಬಸ್ಸಿನಲ್ಲಿ ಒಬ್ಬ ಮುದುಕಿ ಮಾತ್ರ ಕೂತಿದ್ದಳು. ಮಡಿಲಲ್ಲಿ ಕೋಳಿ. ಎಲೆಅಡಿಕೆ ಹಾಕಿಕೊಂಡು ಆರಾಮವಾಗಿ ಅಗಿಯುತ್ತಿದ್ದಳು. ನಿನಗೆ ಹೆದರಿಕೆ ಆಗಲಿಲ್ಲವೇ ಅಜ್ಜಿ ಎಂದು ಡ್ರೈವರು ಕೇಳಿದ.

"ನಾನು ಬಸ್ಸು ಹತ್ತಿದ್ದೇ ಇವತ್ತು ಕಣಪ್ಪ. ಬಸ್ಸು ಅಂದ್ರೆ ಇಂಗೇ ಅಂತ ಕುಂತಿದ್ದೆ" ಎಂದಳು.

ಪಾವಗಡದ ಬಾಗಿಲು

ಥರ್ಮಾಮೀಟರಿಗೆ ಏನೂ ಆಗಿರಲಿಲ್ಲ. ಕಂಕುಳಿಂದ ತೆಗೆದಾಗ ನನ್ನ ಗಾಬರಿಯನ್ನೆಲ್ಲ ಅಳೆದುಕೊಂಡು ಸಾಕಷ್ಟು ಮೇಲೆ ನಿಂತಿತ್ತು. ಆಮೇಲೆ ರಜದ ದಿನಗಳೆಲ್ಲ ಶೆಟ್ಟರ ಗಾಣದಲ್ಲೇ ಕಳೆದವು. ಉದ್ದ ಕುತ್ತಿಗೆಯ ಗಾಜಿನ ಬುರುಡೆಗೆ ಎಣ್ಣೆ ತುಂಬಿ, ಬಿಸಿಲಿಗಿಟ್ಟು ನೆರಳಿಗಿಟ್ಟು, ಎಷ್ಟು ಕಾವಿಗೆ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಗುರುತು ಮಾಡಿದೆ. ಶೆಟ್ಟರ ಹೆಂಡತಿ ದೂರದಲ್ಲಿ ನಿಂತು, ಈ ಮನುಷ್ಯ ನಮ್ಮನ್ನು ಉಳಿಸುತ್ತಾನೋ ಮುಳುಗಿಸುತ್ತಾನೋ ಎಂಬಂತೆ ನೋಡುತ್ತಿದ್ದಳು. ಕೊನೆಗೊಂದು ಕೋಷ್ಟಕ ತಯಾರಾಯಿತು. ಮಧ್ಯಾಹ್ನದ ಬಂಡೆಯ ಕಾವಿನಿಂದ ಬೆಳಗಿನ ತಂಪಿಗೆ ಇಳಿದರೆ ಹದಿನಾರು ಸೇರಿನಲ್ಲಿ ಕಡಿಮೆಯಾಗುವುದು ಸುಮಾರು ಒಂದು ಪಾವು. ಅದನ್ನು ಮೊದಲ ಸಲ ಕೂಡಿಸಿ ನೋಡಿದಾಗ ನನಗಾದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಈ ಮಾತನ್ನು ಮನೆಯಲ್ಲಿ ಹೇಳಿಲ್ಲ.

ಅಮಲ್ದಾರರು ಕೋಷ್ಟಕವನ್ನು ಮೇಲಿನಿಂದ ಕೆಳಗೆ ನೋಡಿ, ಅಕ್ಷರ ಚೆನ್ನಾಗಿದೆ ಎಂದರು. ಆ ದೇವರಿಗೆ ನಡೆದುಕೊಳ್ಳುವ ದೊಡ್ಡ ಒಕ್ಕಲು ಪಾವಗಡದ ಹುಣಸೆ ಮಂಡಿಯ ಯಜಮಾನರು; ಅವರು ಒಪ್ಪಿದರೆ ಪರೀಕ್ಷೆ ಮಾಡಿ ನೋಡೋಣ ಎಂದು ಅವರ ಕಡೆಗೆ ಕೈ ತೋರಿಸಿದರು. ನಾನು ಪಾವಗಡಕ್ಕೆ ಹೋದೆ.

ಯಜಮಾನರು ಕಾಗದವನ್ನು ತಿರುವಿ ಮುರುವಿ ನೋಡಿದರು. "ಏಮಯ್ಯಾ ಮೇಷ್ಟ್ರೂ, ಇದು ನಮಗೆ ಅರ್ಥಂ ಕಾಲೇದು. ನಮ್ಮ ಹುಣ್ಸೆಗೆ ಒಂದು ಲೆಕ್ಕ ಕಟ್ಟು. ಆ ಉಗ್ರಾಣದಾಗೆ ತುಳ್ದು ತುಳ್ದು ಎಷ್ಟು ತುಂಬಬಹುದು ಹೇಳು. ಅದು ಸರಿಹೋದ್ರೆ ಎಣ್ಣೆ ಮಾತೂ ಒಪ್ಕೊಂತೀನಿ" ಎಂದರು.

ಶೆಟ್ಟರ ಮಾನ ಹುಣಸೆಹಣ್ಣಿನ ಮೇಲೆ ನಿಂತಿತು. ಬೆಳಗಿನ ತಂಪಿನಲ್ಲಿ ಅವರ ಅಂಗಳದಲ್ಲೇ ಕೂತು, ಒಂದು ಕುಕ್ಕೆಗೆ ಬೀಜ ತೆಗೆದ ಹುಣಸೆಹಣ್ಣು ತುಂಬಿ, ಮೇಲೆ ಹಲಗೆಯಿಟ್ಟು, ಹಲಗೆಯ ಮೇಲೆ ಗುಂಡುಕಲ್ಲುಗಳನ್ನು ಒಂದೊಂದಾಗಿ ಹೇರಿದೆ. ಮೊದಲನೆಯ ಕಲ್ಲಿಗೆ ಹಣ್ಣು ಚೆನ್ನಾಗಿ ಕುಗ್ಗಿತು, ಎರಡನೆಯದಕ್ಕೆ ಸ್ವಲ್ಪ, ಮೂರನೆಯದಕ್ಕೆ ಮನಸ್ಸಿಲ್ಲದ ಮನಸ್ಸಿನಿಂದ ಕೂದಲೆಳೆಯಷ್ಟು. ಕುಕ್ಕೆ ಹೇಗೋ ಉಗ್ರಾಣವೂ ಹಾಗೆ ಎಂದು ಲೆಕ್ಕ ಹಾಕಿ, ನೀವು ಈಗ ತುಂಬುತ್ತಿರುವುದರ ಒಂದೂವರೆಯಷ್ಟು ಹಿಡಿಯುತ್ತದೆ ಎಂದು ಹೇಳಿದೆ. ಯಜಮಾನರ ಕಣ್ಣು ಅರಳಿತು. ಆಳುಗಳು ಹಾಡಿಕೊಂಡು ತುಳಿದರು. ಸೂರಿನವರೆಗೆ ತುಂಬಿದರು. ನನ್ನ ಲೆಕ್ಕ ಕೂದಲೆಳೆಯಷ್ಟೂ ತಪ್ಪಲಿಲ್ಲ. ಬಾಗಿಲು ಎಳೆದುಕೊಂಡು ಬೀಗ ಹಾಕಿ, ನನಗೆ ಊಟ ಹಾಕಿ ಕಳಿಸಿದರು.

ವಾರ ಕಳೆಯುವಷ್ಟರಲ್ಲಿ ಆಳು ಬಂದ. ತಕ್ಷಣ ಹೊರಡಬೇಕಂತೆ. ಹೋಗಿ ನೋಡಿದರೆ ಉಗ್ರಾಣದ ಮುಂದೆ ಜನ. ಎಣ್ಣೆಯ ಲೆಕ್ಕದಲ್ಲಿ ನಾನು ಕಾವನ್ನು ಬರೆದಿದ್ದೆ. ಹುಣಸೆಯ ಲೆಕ್ಕದಲ್ಲಿ ಒತ್ತಡವನ್ನು ಮಾತ್ರ ಬರೆದಿದ್ದೆ. ಪಾವಗಡದ ಬಿಸಿಲು ನನ್ನ ಕಾಗದವನ್ನು ಓದಿರಲಿಲ್ಲ. ಕಾದ ಮಾಳಿಗೆಯ ಕೆಳಗೆ ಹಣ್ಣು ಮೆತ್ತಗಾಗಿ, ಉಬ್ಬಿ, ತುಳಿಸಿಕೊಂಡ ಸಿಟ್ಟನ್ನೆಲ್ಲ ಬಾಗಿಲಿನ ಮೇಲೆ ತೀರಿಸಿಕೊಂಡಿತ್ತು. ಬಾಗಿಲು ತೆರೆಯುವುದು ಒಳಮುಖವಾಗಿ. ಒಳಗೆ ಸೂಜಿ ಹೋಗಲೂ ಜಾಗವಿಲ್ಲ. ಮೂವರು ಭುಜ ಕೊಟ್ಟು ನೂಕಿದರೆ ಬಾಗಿಲ ಸಂದಿಯಿಂದ ಹುಳಿ ರಸ ಹೊರಗೆ ಬರುತ್ತಿತ್ತು, ಬಾಗಿಲು ಕದಲುತ್ತಿರಲಿಲ್ಲ.

ಕೊನೆಗೆ ಮಾಳಿಗೆಯ ಬೆಳಕಿಂಡಿಯಿಂದ ಒಬ್ಬ ಸಣಕಲು ಆಳನ್ನು ಇಳಿಸಿದರು. ಅವನು ಇಳಿದ ಎನ್ನುವುದಕ್ಕಿಂತ ನೆಟ್ಟ ಎನ್ನಬೇಕು. ಸೊಂಟದವರೆಗೆ ಹೋಗಿ ನಿಂತುಬಿಟ್ಟ. ಅವನ ಸುತ್ತ ಅವನೇ ಬಗೆದು, ಬುಟ್ಟಿ ಬುಟ್ಟಿ ಮೇಲಕ್ಕೆ ಕೊಟ್ಟು, ಬಾಗಿಲು ತೆರೆಯುವಷ್ಟರಲ್ಲಿ ಹೊತ್ತು ಇಳಿದಿತ್ತು. ನಾನು ಮೂಲೆಯಲ್ಲಿ ನಿಂತು, ಶೆಟ್ಟರಿಗೆ ಹೋಗಿ ಏನು ಹೇಳುವುದು ಎಂದು ಯೋಚಿಸುತ್ತಿದ್ದೆ. ಲೆಕ್ಕ ತಪ್ಪಿತು, ಅವರ ಕೊನೆಯ ಆಸರೆಯೂ ಹೋಯಿತು ಎಂದೇ ತಿಳಿದಿದ್ದೆ.

ಯಜಮಾನರು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ಭಕ್ತಿ ಇತ್ತು. "ಹುಣ್ಸೇನೇ ಇಷ್ಟು ಉಬ್ತದೆ ಅಂದ್ಮೇಲೆ, ಎಣ್ಣೆ ಒಂದು ಪಾವು ಉಬ್ಬೋದು ಯಾವ ಲೆಕ್ಕ? ಅಮಲ್ದಾರ್ರಿಗೆ ನಾನೇ ಹೇಳ್ತೀನಿ" ಎಂದರು. ಆಮೇಲೆ ದನಿ ತಗ್ಗಿಸಿ, "ಇನ್ನು ಮ್ಯಾಲೆ ನಮ್ಮ ಮಂಡಿ ಕಡೆ ಮಾತ್ರ ರಾವದ್ದು" ಎಂದರು. ಬರಬೇಡ ಎಂದು ಅದರ ಅರ್ಥ. ತೆಲುಗು ಬಾರದ ನನಗೂ ತಿಳಿಯಿತು.

ದೇವರ ಸೇರು

ಪರೀಕ್ಷೆಗೆ ದಿನ ಗೊತ್ತಾಯಿತು. ಮಧ್ಯಾಹ್ನ ಅಮಲ್ದಾರರೇ ಕೊಡೆ ಹಿಡಿಸಿಕೊಂಡು ಗಾಣಕ್ಕೆ ಬಂದರು. ಬಂಡೆಯ ಮೇಲೆ ಕಾದ ಎಣ್ಣೆಯನ್ನು ದೇವಸ್ಥಾನದ ಹಿತ್ತಾಳೆ ಸೇರಿನಲ್ಲೇ ಹದಿನಾರು ಸಲ ಅಳೆದು ತಾಮ್ರದ ಹಂಡೆಗೆ ಸುರಿಸಿದರು. ಯಾರೂ ಕೈ ಹಾಕದಂತೆ ಹಂಡೆಯ ಬಾಯಿಗೆ ಒಂದು ಪಂಚೆಯನ್ನು ನಾಲ್ಕು ಪದರ ಮಡಿಸಿ ಬಿಗಿಯಾಗಿ ಕಟ್ಟಿಸಿ, ಗಂಟಿಗೆ ಅರಗಿನ ಮುದ್ರೆ ಒತ್ತಿದರು. ಹಂಡೆ ದೇವಸ್ಥಾನದ ಮುಖಮಂಟಪ ಸೇರಿತು. ಯಾರೂ ತೆಗೆಯದ ಹಾಗೆ ನೋಡಿಕೋ ಎಂದು ಅದರ ಪಕ್ಕದಲ್ಲಿ ತಮ್ಮ ಜವಾನನನ್ನು ಕೂರಿಸಿದರು. ಬೆಳಗ್ಗೆ ಒಂದು ಪಾವು ಕಡಿಮೆ ಬಂದರೆ ಶೆಟ್ಟರು ಗೆದ್ದಂತೆ. ಸಮನಾಗಿ ಬಂದರೆ ಎಣ್ಣೆ ಕುಗ್ಗುವುದಿಲ್ಲ ಎಂದಾಯಿತು. ಇಷ್ಟು ದಿನ ಕಡಿಮೆಯಾದದ್ದು ಶೆಟ್ಟರ ಕೈಯಿಂದ ಎಂದೂ ಆಯಿತು.

ಬೆಳಗಿನ ಜಾವ ಎಲ್ಲರೂ ಸೇರಿದೆವು; ಹೆಂಗಸರ ಕಡೆ ನನ್ನ ಹೆಂಡತಿಯೂ ನಿಂತಿದ್ದಳು. ಅಮಲ್ದಾರರು ಮುದ್ರೆ ಪರೀಕ್ಷಿಸಿದರು, ಸರಿಯಾಗಿತ್ತು. ಪಾರುಪತ್ತೇಗಾರರು ಒದ್ದೆ ಬಟ್ಟೆಯಲ್ಲಿ ನಡುಗುತ್ತ, ಮೊದಲನೆಯ ಸೇರನ್ನು ವಾಡಿಕೆಯಂತೆ ಒಂದು ಎನ್ನದೆ ಲಾಭ ಎಂದು ಕರೆದು, ಆಮೇಲೆ ಎರಡು, ಮೂರು ಎಂದು ಅಳೆಯುತ್ತ ಹೋದರು. ಶೆಟ್ಟರು ಬಾಗಿಲಾಚೆಯೇ ನಿಂತಿದ್ದರು. ಹದಿನೈದು ಆಯಿತು. ಹದಿನಾರನೆಯದು ಮುಕ್ಕಾಲಿಗೆ ನಿಲ್ಲಬೇಕು ಎಂದು ನಾನು ಕತ್ತು ಚಾಚಿ ನೋಡಿದೆ. ಅದು ಅಂಚಿನವರೆಗೆ ತುಂಬಿತು. ಹಂಡೆಯಲ್ಲಿ ಇನ್ನೂ ಎಣ್ಣೆ ಇತ್ತು. ಅಳೆದರೆ ಒಂದು ಪಾವು.

ಅಮಲ್ದಾರರು ನನ್ನ ಕಡೆ ತಿರುಗಿದರು. ಏನ್ರೀ ಮೇಷ್ಟ್ರೇ, ನಿಮ್ಮ ಕಾಗದದಲ್ಲಿ ಕುಗ್ಗುತ್ತದೆ, ಹಂಡೆಯಲ್ಲಿ ಹಿಗ್ಗುತ್ತದಲ್ಲ, ಚಳಿಗೆ ಹಿಗ್ಗುವ ಎಣ್ಣೆಯನ್ನು ಎಲ್ಲಿಂದ ತಂದಿರಿ ಎಂದರು. ಬಾಗಿಲಾಚೆ ಶೆಟ್ಟರ ಮುಖ ನೋಡಲು ಧೈರ್ಯವಾಗಲಿಲ್ಲ. ನನ್ನ ಲೆಕ್ಕವನ್ನು ನಂಬಿ ಕೆಟ್ಟ ಮನುಷ್ಯ ಎನಿಸಿ ಕಣ್ಣು ತುಂಬಿತು.

ಅಮಲ್ದಾರರು ಜವಾನನ ಮೇಲೆ ಬಿದ್ದರು. ರಾತ್ರಿಯೆಲ್ಲ ನಿದ್ದೆ ಮಾಡಿದೆಯಾ, ಯಾರು ಬಂದಿದ್ದರು ಹೇಳು ಎಂದು ಗದರಿದರು. ಅವನು ಕೈಕಟ್ಟಿಕೊಂಡು ನಿಂತ.

"ನಿದ್ದೆ ಮಾಡಿಲ್ಲ ಬುದ್ಧಿ. ಸಂಜೆ ಜನ ಬಂದ್ರು, ದೇವ್ರಿಗೆ ಕೈ ಮುಗುದ್ರು, ಬಟ್ಟೆ ಮ್ಯಾಲೆ ಒಸಿ ಎಣ್ಣೆ ಹುಯ್ದು ಹೋದ್ರು. ಹರಕೆ ಅಂತ ಸುಮ್ಕಿದ್ದೆ. ತಾವು ತೆಗೆಯೋರನ್ನ ಹಿಡಿ ಅಂದ್ರಿ, ಹಾಕೋರನ್ನ ಹಿಡಿ ಅನ್ನಲಿಲ್ಲ."

ಎಷ್ಟು ಜನ ಎಂದು ಕೇಳಿದರೆ, ಎಣಿಸು ಅಂತಲೂ ಅಪ್ಪಣೆಯಾಗಿರಲಿಲ್ಲ ಎಂದ. ಎಲ್ಲರೂ ಆ ಪಂಚೆಯನ್ನು ನೋಡಿದೆವು. ಎಣ್ಣೆ ಸೋಸುವುದೇ ಬಟ್ಟೆಯಲ್ಲಿ. ಆ ಮುದ್ರೆ ಒಳಗಿನದನ್ನು ಹೊರಗೆ ಬಿಡದು, ಹೊರಗಿನದನ್ನು ಬೇಕಾದಷ್ಟು ಒಳಗೆ ಬಿಡುತ್ತದೆ ಎಂಬುದು ಅಮಲ್ದಾರರ ಬುದ್ಧಿಗೂ ಬಂದಿರಲಿಲ್ಲ, ನನ್ನ ಬುದ್ಧಿಗೂ ಬಂದಿರಲಿಲ್ಲ.

ಹೆಂಗಸರ ಗುಂಪಿನಿಂದ ಶೆಟ್ಟರ ಹೆಂಡತಿ ಮುಂದೆ ಬಂದಳು. "ನಾನು ಬುದ್ಧಿ. ಒಂದು ಪಾವು. ಕಮ್ಮಿಯಾದ್ರೆ ಗೆಲ್ತೀವಿ ಅಂತ ಇವ್ರು ನೂರು ಸಲ ಹೇಳುದ್ರು. ಕಮ್ಮಿಯಾದ್ದಕ್ಕೇ ಕಳ್ಳ ಅಂದ್ರಲ್ಲ, ಇನ್ನೊಂದು ಸಲ ಕಮ್ಮಿಯಾದ್ರೆ ಸುಮ್ಕೆ ಬುಡ್ತಾರಾ ಅಂತ ನಂಗೆ ಭಯ ಆಯ್ತು" ಎಂದು ಸೆರಗು ಬಾಯಿಗಿಟ್ಟುಕೊಂಡಳು.

ಹಂಡೆಯ ಹತ್ತಿರ ಒದ್ದೆ ಬಟ್ಟೆಯಲ್ಲಿ ಕೂತಿದ್ದ ಪಾರುಪತ್ತೇಗಾರರು ಎರಡು ಸಲ ಕೆಮ್ಮಿದರು. ಆಮೇಲೆ ಸೇರನ್ನು ಕೆಳಗಿಟ್ಟು, ನಾನೂ ಒಂದು ಪಾವು ಹಾಕಿದೆ ಎಂದರು. ನೀವೂ ಹಾಕಿದಿರಾ ಎಂದು ಅಮಲ್ದಾರರು ಕೇಳಿದರು. "ಆ ಮಾತು ಆಡಿದ ದಿನದಿಂದ ನನಗೆ ಅನ್ನ ರುಚಿಸ್ತಿಲ್ಲ. ತಾತನ ಕಾಲದ ಹೆಸರು ನನ್ನ ಬಾಯಿಂದ ಹೋಗಬಾರದು, ಅಳತೆ ತುಂಬಿಬಿಟ್ಟರೆ ಸಾಕು ಅನ್ನಿಸಿತು" ಎಂದು ಬಾಗಿಲಾಚೆ ನೋಡಿದರು. ನೋಡಿ, ಅಲ್ಲಿ ಎಣ್ಣೆಗೆ ಕೈ ಹಾಕದೆ ಇದ್ದವರು ಶೆಟ್ಟರೊಬ್ಬರೇ. ಮೇಷ್ಟ್ರು ಕಮ್ಮಿಯಾಗ್ತದೆ ಅಂದವ್ರೆ, ಆಗ್ಲಿ ಅಂತ ಕುಂತಿದ್ದೆ ಎಂದು ಅವರು ಬೀದಿಯಿಂದಲೇ ಹೇಳಿದರು.

ಅಮಲ್ದಾರರು ಕೈ ಎತ್ತಿ ಬೆರಳು ಮಡಿಸಿದರು. ಶೆಟ್ಟರ ಹೆಂಡತಿ ಒಂದು, ಪಾರುಪತ್ತೇಗಾರರು ಒಂದು. ಹಾಕಿದ್ದು ಎರಡು ಪಾವು. ಹೆಚ್ಚಾಗಿರುವುದು ಒಂದು ಪಾವು. ಉಳಿದ ಒಂದು ಪಾವು ಎಲ್ಲಿ ಎಂದು ತಮ್ಮನ್ನೇ ಕೇಳಿಕೊಂಡು, ನನ್ನ ಕೋಷ್ಟಕವನ್ನು ಮತ್ತೆ ತೆರೆದು ನೋಡಿ, ಕುಗ್ಗಿದೆ, ಸರಿಯಾಗಿ ಒಂದು ಪಾವು ಕುಗ್ಗಿದೆ ಎಂದು ಕಂಬಕ್ಕೆ ಕೈ ಬಡಿದರು. ಪಾರುಪತ್ತೇಗಾರರು ಮಡಿಯನ್ನೂ ಮರೆತು ಬೀದಿಗೆ ಹೋಗಿ, ಶೆಟ್ಟರ ಕೈ ಹಿಡಿದು ಒಳಗೆ ಕರೆತಂದರು. ಅಂದಿನ ದೀಪಕ್ಕೆ ಶೆಟ್ಟರಿಂದಲೇ ಎಣ್ಣೆ ಹಾಕಿಸಿದರು. ಆ ದೊಡ್ಡ ಮನುಷ್ಯ ದೇವರ ಮುಂದೆ ನಿಂತು ಮಗುವಿನ ಹಾಗೆ ಅತ್ತುಬಿಟ್ಟರು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಮನೆಗೆ ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಕೋಷ್ಟಕವನ್ನು ಎಷ್ಟು ಶ್ರದ್ಧೆಯಿಂದ ಮಾಡಿದ್ದೆ, ಒಂದು ಪಾವು ಎಂದರೆ ಒಂದೇ ಪಾವು ಬಂತಲ್ಲ ಎಂದು ದಾರಿಯುದ್ದಕ್ಕೂ ಹೆಂಡತಿಗೆ ವಿವರಿಸಿದೆ. ಅವಳು ಹೂಂ ಎನ್ನುತ್ತ ಬಂದಳು. ಮನೆಯ ಬಾಗಿಲು ತೆರೆದು, ಕಾಫಿಗೆ ನೀರಿಟ್ಟು, ಆಮೇಲೆ ಮೆಲ್ಲಗೆ, ಹಾಗಾದರೆ ನಾನು ಹಾಕಿದ ಪಾವು ಎಲ್ಲಿ ಹೋಯಿತು ಎಂದಳು.

ನನಗೆ ಅರ್ಥವಾಗಲಿಲ್ಲ. ನಿನ್ನೆ ಸಂಜೆ ಹೂವು ಕೊಡಲು ದೇವಸ್ಥಾನಕ್ಕೆ ಹೋದಾಗ ಅವಳೂ ಒಂದು ಪಾವು ಎಣ್ಣೆ ಹುಯ್ದು ಬಂದಿದ್ದಳು. ಶೆಟ್ಟರು ಪಾಪ, ನಿಮ್ಮ ಲೆಕ್ಕವನ್ನೇ ನಂಬಿಕೊಂಡು ಕೂತಿದ್ದರು, ನಿಮ್ಮ ಲೆಕ್ಕ ನನಗೆ ಗೊತ್ತಿಲ್ಲವೇ ಎಂದಳು. ನಾನು ಹಾಸಿಗೆಯ ಮೇಲೆ ಕೂತು ಮೊದಲಿನಿಂದ ಕೂಡಿಸಿ ಕಳೆದೆ. ಹಾಕಿದ್ದು ಮೂರು ಪಾವು, ಹೆಚ್ಚಾದದ್ದು ಒಂದು. ಹಾಗಾದರೆ ಹೋದದ್ದು ಎರಡು. ಒಂದು ಕಾವು ಇಳಿದು ಕುಗ್ಗಿದ್ದು, ಇನ್ನೊಂದನ್ನು ನಾಲ್ಕು ಪದರದ ಪಂಚೆ ಕುಡಿದಿರಬೇಕು. ಅಷ್ಟು ದಪ್ಪನೆಯ ಬಟ್ಟೆಗೆ ಒಂದು ಪಾವು ಏನೂ ಹೆಚ್ಚಲ್ಲ ಎಂದು ಹೇಳಿದೆ. ಇದನ್ನು ಅಲ್ಲೇ ಹೇಳಬಾರದಾಗಿತ್ತೇ ಎಂದು ಅವಳನ್ನು ಕೇಳಿದೆ.

ಅವಳು ಕಾಫಿ ಲೋಟ ನನ್ನ ಕೈಗೆ ಕೊಟ್ಟಳು.

"ಅಮಲ್ದಾರರು ಬೆರಳು ಮಡಿಸುವಾಗ, ನನ್ನದೂ ಒಂದು ಬೆರಳು ಮಡಿಸಿ ಅಂತ ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ನೀವು ಗೆದ್ದೇಬಿಟ್ಟಿದ್ರಿ."